ಅರ್ಧ ಮುಖಕ್ಕೆ ಮಾತ್ರ ಹಚ್ಚಿದ ಸೀರಮ್: 16 ತಿಂಗಳ ನಂತರ ನನ್ನ ಅಭಿಪ್ರಾಯ

ಈ ಸೀರಮ್ ಬಗ್ಗೆ ಮೊದಲ ತಿಂಗಳಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಎರಡನೇ ತಿಂಗಳಲ್ಲಿ ಬರೆದಿದ್ದರೆ ಎರಡೇ ಕೊಡುತ್ತಿದ್ದೆ. ಈಗ 16 ತಿಂಗಳಾಗಿದೆ, ನಾಲ್ಕು ಕೊಡುತ್ತೇನೆ. ಈ ನಾಲ್ಕರ ಮೇಲೆ ನನಗೆ ಭರವಸೆ ಇದೆ.

5% ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಇರುವ, ಘಮ ಹಾಕದ ಸೀರಮ್ ಇದು. ಮೊಡವೆ ಹೋದ ಮೇಲೆ ಉಳಿಯುವ ಕಂದು ಕಲೆಗೆ ಅಂತ ತಗೊಂಡೆ. ಅದೇ ಸಮಯದಲ್ಲಿ ತಲೆಹೊಟ್ಟಿಗೆ 2% ಕೀಟೋಕೊನಜೋಲ್ (ಶಿಲೀಂಧ್ರ ತಡೆಯುವ ಔಷಧ) ಇರುವ ಶಾಂಪೂ ಕೂಡ ಶುರುವಾಯಿತು. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಇದೇ ಪದಾರ್ಥ ಇಷ್ಟೇ ಪ್ರಮಾಣದಲ್ಲಿ ಬೇರೆ ಬೇರೆ ಹೆಸರಿನ ಬಾಟಲಿಗಳಲ್ಲಿ ಸಿಗುತ್ತದೆ. ಅದು ನಮಗೆ ಹೊಂದುತ್ತದಾ, ಕೆಲಸ ಮಾಡುತ್ತದಾ ಅಂತ ಮನೆಯಲ್ಲೇ ಹೇಗೆ ತಿಳಿಯಬಹುದು ಅನ್ನೋದೇ ನನಗೆ ಮುಖ್ಯ.

ಇಷ್ಟು ಹುಷಾರು ಯಾಕೆ ಅಂದರೆ, ಹಿಂದೆ ಒಂದು ಕ್ರೀಮಿನಿಂದ ತುಂಬಾ ಅನುಭವಿಸಿದ್ದೇನೆ. ಎಂಟು ತಿಂಗಳು ಏನೂ ತೊಂದರೆ ಇಲ್ಲದೆ ಹಚ್ಚಿದ್ದೆ. ಒಂಬತ್ತನೇ ತಿಂಗಳು ಒಂದು ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ಕತ್ತಿನ ಮೇಲೆ ಕೆಂಪು ಗುಳ್ಳೆ, ರಾತ್ರಿಯೆಲ್ಲಾ ತುರಿಕೆ. ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿಸೋಣ ಅಂದರು. ಬೆನ್ನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಿಲ್ಲೆಗಳಿರುವ ಟೇಪು ಅಂಟಿಸುತ್ತಾರೆ. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಪದಾರ್ಥ, ಪಕ್ಕದಲ್ಲಿ ಮಾರ್ಕರ್ ಪೆನ್ನಿನಲ್ಲಿ ಒಂದು ಅಂಕಿ. ಬೆನ್ನಿಗೆ ನೀರು ಸೋಕಿಸೋ ಹಾಗಿಲ್ಲ, ಬೆವರು ಬರೋ ಕೆಲಸ ಮಾಡೋ ಹಾಗಿಲ್ಲ. 48 ಗಂಟೆ ಆದ ಮೇಲೆ ಟೇಪು ಬಿಚ್ಚಿ ನೋಡಿದಾಗ ಹೆಚ್ಚೇನೂ ಕಾಣಲಿಲ್ಲ. ಸುಮ್ನೆ ಇಷ್ಟೆಲ್ಲಾ ಮಾಡಿಸಿಕೊಂಡೆ ಅಂತ ಬೇಜಾರಾಯಿತು. ಆದರೆ 96ನೇ ಗಂಟೆಗೆ ಮತ್ತೆ ನೋಡಿದಾಗ ಒಂದೇ ಒಂದು ಅಂಕಿಯ ಪಕ್ಕ ಗುಂಡಗೆ, ಕೆಂಪಗೆ, ಬೆರಳಾಡಿಸಿದರೆ ಕೈಗೆ ಸಿಗುವಷ್ಟು ಉಬ್ಬಿತ್ತು.

ಅದು ಮೀಥೈಲ್ ಐಸೋಥಯಾಜೋಲಿನೋನ್. ಕ್ರೀಮು, ಶಾಂಪೂ ಕೆಡದಿರಲಿ ಅಂತ ಹಾಕುವ ಪದಾರ್ಥ. 2013ರಲ್ಲಿ ಅಮೆರಿಕದ ಚರ್ಮತಜ್ಞರ ಒಂದು ಸಂಘ ಇದನ್ನೇ 'ವರ್ಷದ ಅಲರ್ಜಿಕಾರಕ' ಅಂತ ಹೆಸರಿಸಿತ್ತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಇದನ್ನು ಹಾಕಬಾರದು ಅಂತ ಯುರೋಪಿನಲ್ಲಿ 2017ರಿಂದ ನಿಯಮ ಇದೆ. ತೊಳೆದುಬಿಡುವ ಶಾಂಪೂ, ಸೋಪುಗಳಲ್ಲಿ ಅಲ್ಲಿ ಹತ್ತು ಲಕ್ಷಕ್ಕೆ 15 ಪಾಲಿನಷ್ಟು ಮಾತ್ರ ಹಾಕಬಹುದು.

ಎಂಟು ತಿಂಗಳು ಆಗದ್ದು ಆಮೇಲೆ ಯಾಕಾಯಿತು ಅಂತ ಕೇಳಿದೆ. ಅಲರ್ಜಿ ಮೊದಲ ದಿನವೇ ಬರಬೇಕು ಅಂತೇನಿಲ್ಲವಂತೆ. ದೇಹ ಆ ಪದಾರ್ಥದ ಗುರುತು ಹಿಡಿಯೋಕೆ ವಾರಗಳೂ ಆಗಬಹುದು, ವರ್ಷಗಳೂ ಆಗಬಹುದು. ಒಮ್ಮೆ ಗುರುತು ಹಿಡಿದರೆ ಆಮೇಲೆ ಚೂರು ತಗುಲಿದರೂ ಸಾಕು. 'ನಾನು ಎಷ್ಟೋ ವರ್ಷದಿಂದ ಇದನ್ನೇ ಹಚ್ತಿದ್ದೀನಿ, ಏನೂ ಆಗಿಲ್ಲ' ಅನ್ನೋ ಮಾತನ್ನು ನಾನು ಅವತ್ತಿಂದ ಬಿಟ್ಟೆ.

ಹಾಗಾಗಿ ಸೀರಮ್ ಬಂದ ಕೂಡಲೇ ಮುಖಕ್ಕೆ ಹೋಗಲಿಲ್ಲ. ಎಡಗೈಯ ಮೊಣಕೈ ಮಡಿಕೆಯಲ್ಲಿ ನಾಣ್ಯದಷ್ಟು ಜಾಗ ಗುರುತು ಮಾಡಿಕೊಂಡೆ. ದಿನಕ್ಕೆರಡು ಸಲ, ಹತ್ತು ದಿನ, ಅದೇ ಜಾಗಕ್ಕೆ ಹಚ್ಚಿದೆ. ಒಂದು ರಾತ್ರಿ ಹಚ್ಚಿ ಬೆಳಿಗ್ಗೆ ನೋಡಿದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಬೆನ್ನು ಕೆಂಪಾಗಿದ್ದು ನಾಲ್ಕನೇ ದಿನ. ಒಂದು ರಾತ್ರಿ ಎಲ್ಲಿ ಸಾಕಾಗುತ್ತದೆ ಹೇಳಿ? ಶಾಂಪೂವನ್ನು ಕೈಗೆ ಹಚ್ಚಿ ಐದು ನಿಮಿಷಕ್ಕೆ ತೊಳೆದೆ. ತೊಳೆಯುವ ವಸ್ತುವನ್ನು ಹಾಗೇ ಬಿಟ್ಟರೆ ಅಲರ್ಜಿ ಇಲ್ಲದವರ ಚರ್ಮವೂ ಉರಿಯುತ್ತದೆ, ಆಗ ಯಾವುದು ಏನು ಅಂತ ಗೊತ್ತಾಗೋದಿಲ್ಲ. ತಲೆಗೆ ಹಚ್ಚುವ ಡೈಗೆ ಇಷ್ಟು ಸಾಲದು. ಪ್ಯಾಕೆಟ್ಟಿನಲ್ಲಿ ಬರೆದ 48 ಗಂಟೆ ಮುಂಚಿನ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಲೇಬೇಕು. ಅದನ್ನು ದಯವಿಟ್ಟು ಬಿಡಬೇಡಿ.

ಬಾಟಲಿ ಮೇಲೆ 'ಚರ್ಮತಜ್ಞರಿಂದ ಪರೀಕ್ಷಿತ' ಅಂತ ಇತ್ತು. ಅಂಥ ಪರೀಕ್ಷೆ ಹೇಗಿರುತ್ತದೆ ಅಂತ ಓದಿ ನೋಡಿದೆ. ಸಾಮಾನ್ಯವಾಗಿ ಮಾಡೋದು ಹೀಗೆ: 50ರಿಂದ 200 ಜನರ ಬೆನ್ನಿಗೆ ಮೂರು ವಾರದಲ್ಲಿ ಒಂಬತ್ತು ಸಲ ಅಂಟಿಸುತ್ತಾರೆ, ಸುಮಾರು ಎರಡು ವಾರ ಬಿಡುತ್ತಾರೆ, ಮತ್ತೆ ಹೊಸ ಜಾಗದಲ್ಲಿ ಅಂಟಿಸಿ ನೋಡುತ್ತಾರೆ. ಒಳ್ಳೆ ಪರೀಕ್ಷೆಯೇ. ಆದರೆ 100 ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ ಅಂದರೂ, ಲೆಕ್ಕದ ಪ್ರಕಾರ ಹೊರಗಿನ 100ರಲ್ಲಿ ಸುಮಾರು 3 ಜನಕ್ಕೆ ಆಗೋ ಸಾಧ್ಯತೆಯನ್ನು ಅದು ತಳ್ಳಿಹಾಕೋದಿಲ್ಲ. ಆ ಮೂವರಲ್ಲಿ ನಾನೂ ಒಬ್ಬಳಾಗಬಹುದು. 'ಹೈಪೋಅಲರ್ಜೆನಿಕ್', ಅಂದರೆ ಅಲರ್ಜಿ ಆಗೋದು ಕಮ್ಮಿ, ಅನ್ನೋ ಪದದ ಕಥೆ ಇನ್ನೂ ಸಡಿಲ. ಈ ಪದ ಬಳಸಬೇಕಾದರೆ ಪರೀಕ್ಷೆ ಮಾಡಿ ತೋರಿಸಬೇಕು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು. 1977ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ನಾನು ಈಗ ಬಾಟಲಿಯ ಮುಂಭಾಗ ಓದೋದಿಲ್ಲ, ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನೇ ಓದುತ್ತೇನೆ.

ಇನ್ನು ಸೀರಮ್ ಕೆಲಸ ಮಾಡಿತಾ? 2005ರ ಒಂದು ಅಧ್ಯಯನದಲ್ಲಿ 50 ಹೆಂಗಸರು ಮುಖದ ಒಂದು ಬದಿಗೆ 5% ನಯಾಸಿನಮೈಡ್, ಇನ್ನೊಂದು ಬದಿಗೆ ಅದಿಲ್ಲದ ಅದೇ ಕ್ರೀಮನ್ನು 12 ವಾರ ಹಚ್ಚಿದ್ದರು. ಅದನ್ನು ಓದಿದ ಮೇಲೆ ನಾನೂ ಅರ್ಧ ಮುಖಕ್ಕೇ ಹಚ್ಚೋಣ ಅಂತ ನಿರ್ಧರಿಸಿದೆ. ಎಡ ಕೆನ್ನೆಗೆ ಸೀರಮ್. ಎರಡೂ ಕಡೆಗೆ ಅದೇ ಮಾಯಿಶ್ಚರೈಸರ್, ಅದೇ ಸನ್‌ಸ್ಕ್ರೀನ್. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಹೊತ್ತಿಗೆ, ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಫೋಟೋ. ಮುಂದಿನ ಕ್ಯಾಮೆರಾ ಬೇಡ. ಕೆಲವು ಫೋನುಗಳಲ್ಲಿ ಅದು ಎಡ ಬಲ ತಿರುಗಿಸುತ್ತದೆ, ಚರ್ಮವನ್ನೂ ತಾನಾಗೇ ನಯ ಮಾಡುತ್ತದೆ.

ಮೊದಲ ತಿಂಗಳು ಕನ್ನಡಿ ನೋಡಿದಾಗೆಲ್ಲಾ ಎಡಗಡೆ ಹೊಳೀತಿದೆ ಅನ್ನಿಸುತ್ತಿತ್ತು. ಅಕ್ಕನ ಹತ್ತಿರ ಹಾಗೇ ಹೇಳಿದೆ. "ನೀನು ಎಲ್ಲಿ ಹಚ್ಚಿದೀಯ ಅಂತ ನಿನಗೆ ಗೊತ್ತಲ್ಲ, ಹಂಗೇ ಕಾಣುತ್ತೆ. ನನಗೆ ಹೇಳಬೇಡ, ನಾನು ನೋಡ್ತೀನಿ" ಅಂದಳು. ಆಮೇಲಿಂದ ಅವಳೇ ತೀರ್ಪುಗಾರಳು. ಎರಡೂ ಕೆನ್ನೆಯಿಂದ ಎಂಟೆಂಟು ಕಲೆ ಆರಿಸಿ, ಒಂದೊಂದನ್ನೂ ಪುಟ್ಟ ಚೌಕವಾಗಿ ಕತ್ತರಿಸಿ, ಮೊದಲ ದಿನದ್ದು ಮತ್ತು ಇವತ್ತಿನದು ಜೋಡಿಸಿ, ಯಾವ ಕಡೆಯದ್ದು ಅಂತ ಹೇಳದೆ ತೋರಿಸುತ್ತಿದ್ದೆ. ಯಾವುದು ಜಾಸ್ತಿ ತಿಳಿಯಾಗಿದೆ ಅಂತ ಅವಳು ಹೇಳಬೇಕು. ನಾಲ್ಕನೇ ವಾರ ಎಂಟು ಜೋಡಿಯಲ್ಲಿ ನಾಲ್ಕು ಸಲ ಮಾತ್ರ ಸೀರಮ್ ಹಚ್ಚಿದ ಕಡೆ ತೋರಿಸಿದಳು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಎಂಟನೇ ವಾರವೂ ಹಾಗೇ. ಬಿಟ್ಟುಬಿಡೋಣ ಅನ್ನಿಸಿದ್ದು ಆಗಲೇ. 12ನೇ ವಾರ ಆರು. 24ನೇ ವಾರ ಏಳು.

ಆದರೆ ಬಲ ಕೆನ್ನೆಯ ಕಲೆಗಳೂ ಅಷ್ಟರಲ್ಲಿ ಸಾಕಷ್ಟು ತಿಳಿಯಾಗಿದ್ದವು! ಮೊಡವೆ ಕಲೆ ಕಾಲ ಕಳೆದ ಹಾಗೆ ತಾನಾಗೇ ಮಾಸುತ್ತದೆ. ಪೂರ್ತಿ ಮುಖಕ್ಕೆ ಹಚ್ಚಿದ್ದರೆ ಆ ಹೆಗ್ಗಳಿಕೆಯನ್ನೆಲ್ಲಾ ಸೀರಮ್‌ಗೇ ಕೊಡುತ್ತಿದ್ದೆ, ಅಲ್ವಾ? ನಿಜವಾಗಿ ಅದರ ಪಾಲು ಸಣ್ಣದು, ಆದರೆ ಇದೆ. ಎಣ್ಣೆ ಜಿಡ್ಡಿನಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ರಂಧ್ರಗಳು ಇದ್ದ ಹಾಗೇ ಇವೆ. ಒಂದು ಮುಖ, ಎಂಟು ಜೋಡಿ ಕಲೆ, ಒಬ್ಬ ಅಕ್ಕ, ಇಷ್ಟರ ಮೇಲೆ ನಿಂತ ಮಾತು ಇದು. ಆ ಅಧ್ಯಯನದಲ್ಲಿದ್ದ ಹಾಗೆ ನಯಾಸಿನಮೈಡ್ ಇಲ್ಲದ ಅದೇ ಸೀರಮ್ ನನ್ನ ಹತ್ತಿರ ಇರಲಿಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸನ್‌ಸ್ಕ್ರೀನ್ ಬಿಟ್ಟರೆ ಇದ್ಯಾವುದೂ ನಿಲ್ಲೋದಿಲ್ಲ, ಬಿಸಿಲಿಗೆ ಕಲೆ ಮತ್ತೆ ಕಪ್ಪಾಗುತ್ತದೆ. ಲ್ಯಾಬಿನಲ್ಲಿ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ಹೇಳುವ ಅಂಕಿ) ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ತೆಳ್ಳಗೆ ಸವರಿದರೆ ಬಾಟಲಿ ಮೇಲಿನ ಅಂಕಿ ನಮ್ಮ ಮುಖದ ಮೇಲೆ ಇರೋದಿಲ್ಲ.

ಶಾಂಪೂವನ್ನು ಅರ್ಧ ತಲೆಗೆ ಹಾಕೋಕಾಗಲ್ಲ. ಅದಕ್ಕೆ ಹಾಕಿ ನೋಡೋದು, ನಿಲ್ಲಿಸಿ ನೋಡೋದು ಮಾಡಿದೆ. ವಾರಕ್ಕೆರಡು ಸಲ, ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆದೆ. ನಾಲ್ಕು ವಾರದಲ್ಲಿ ಹೊಟ್ಟು ಹೋಯಿತು. ನಿಲ್ಲಿಸಿದೆ, ಮೂರನೇ ವಾರಕ್ಕೆ ವಾಪಸ್ ಬಂತು. ಮತ್ತೆ ಹಾಕಿದೆ, ಹೋಯಿತು. ಎರಡು ಸಲ ಹೀಗೇ ಆದ ಮೇಲೆ ನಂಬಿದೆ. ಈಗ ವಾರಕ್ಕೊಮ್ಮೆ ಸಾಕು. ಕೂದಲು ಉದುರೋದು ಕಮ್ಮಿಯಾಯಿತಾ ಅಂತಲೂ ಎಣಿಸಿದೆ, ಪ್ರತಿ ಸಲ ಮೂರು ದಿನದ ಅಂತರ ಇಟ್ಟೇ. ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ, ತೊಳೆಯದ ದಿನಗಳದ್ದೂ ತೊಳೆದ ದಿನವೇ ಕೈಗೆ ಬರುತ್ತದೆ. ಅಂತರ ಬದಲಾದರೆ ಎಣಿಕೆಗೆ ಅರ್ಥವಿಲ್ಲ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಬರಲಿಲ್ಲ. ಕೂದಲು ಬೆಳೆಯೋದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಎರಡು ವಾರದಲ್ಲಿ ದಟ್ಟ ಕೂದಲು ಅನ್ನೋ ಜಾಹೀರಾತು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಡಿಮೆಯಾದ ಆ ಒಂದು ಸ್ಟಾರ್ ಹದಿನೈದನೇ ತಿಂಗಳಲ್ಲಿ ಹೋಯಿತು. ಹೊಸ ಬಾಟಲಿ ತೆರೆದರೆ ಹೂವಿನ ಘಮ. ಹೊರಗಿನ ಡಬ್ಬಿ, ಬಣ್ಣ, ಹೆಸರು ಎಲ್ಲಾ ಅದೇ. ಹಿಂದಿನ ಪಟ್ಟಿಯ ಕೊನೆಯಲ್ಲಿ ಮಾತ್ರ ಸುಗಂಧ ಅಂತ ಸೇರಿತ್ತು. ಎಲ್ಲೂ ಹೇಳಿಲ್ಲ! ಸುಗಂಧದಿಂದ ಅಲರ್ಜಿ ಆಗುವವರು ಕಮ್ಮಿ ಏನಿಲ್ಲ. ಹಳೇ ಬಾಟಲಿಯಲ್ಲಿ ಉಳಿದಿದ್ದನ್ನು ಮುಖಕ್ಕೆ ಇಟ್ಟುಕೊಂಡಿದ್ದೇನೆ, ತೆರೆದು ಇನ್ನೂ ಆರು ತಿಂಗಳಾಗಿಲ್ಲ. ಹೊಸದು ಈಗ ಬಲಗೈ ಮೊಣಕೈ ಮಡಿಕೆಯಲ್ಲಿದೆ. ಇವತ್ತಿಗೆ ಆರನೇ ದಿನ, ಇನ್ನೂ ಕೆಂಪಾಗಿಲ್ಲ.