ಕುಮಟಾದ ಮೂಳೆ ಆಸ್ಪತ್ರೆಯೊಂದರ ತುರ್ತು ಸೇವೆ: ನಾಲ್ಕು ನಕ್ಷತ್ರ

ಕುಮಟಾದ ಈ ಖಾಸಗಿ ಮೂಳೆ ಆಸ್ಪತ್ರೆಯ ತುರ್ತು ವಿಭಾಗವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮುಖ್ಯ ಕಾರಣ, ಅಲ್ಲಿಯ ವೈದ್ಯರು ಎಕ್ಸ್‌ರೇಗೆ ಕಳಿಸುವ ಮೊದಲೇ ಪಾದದ ನಾಡಿ ಹಿಡಿದು ನೋಡಿದ್ದು. ಹೆದ್ದಾರಿ 66ರಲ್ಲಿ ಬೈಕ್ ಜಾರಿ ನಮ್ಮ ಭಾವನ ಮೊಣಕಾಲಿನ ಕೀಲು ತಪ್ಪಿತ್ತು. ಚರ್ಮ ಒಡೆದಿರಲಿಲ್ಲ, ಒಂದು ಹನಿ ರಕ್ತವೂ ಬಂದಿರಲಿಲ್ಲವಾದ್ದರಿಂದ, ಎಲುಬು ಕಟ್ಟುವ ನಾಟಿ ವೈದ್ಯರಲ್ಲಿಗೆ ಹೋದರಾಯಿತು ಎಂದು ಮನೆಯಲ್ಲಿ ಕೆಲವರು ಹೇಳಿದ್ದರು.

ಅಪಾಯ ಇದ್ದದ್ದು ಒಳಗೆ. ಮೊಣಕಾಲಿನ ಹಿಂಬದಿಯಲ್ಲಿ ಸಾಗುವ ಪಾಪ್ಲಿಟಿಯಲ್ ಅಪಧಮನಿ ಕೀಲಿನ ಮೇಲೂ ಕೆಳಗೂ ಬಿಗಿಯಾಗಿ ಹಿಡಿದಿಟ್ಟಂತೆ ಇರುವುದರಿಂದ, ಎಲುಬು ಸರಿದಾಗ ಅದು ಎಳೆತಕ್ಕೆ ಸಿಕ್ಕಿ ಹರಿಯಬಹುದು, ಅಥವಾ ಒಳಪದರ ಮಾತ್ರ ಸೀಳಿ ಕೆಲವು ಗಂಟೆಗಳ ನಂತರ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ರಕ್ತದ ಹರಿವು ಪೂರ್ತಿ ನಿಂತರೆ ಸುಮಾರು 6 ಗಂಟೆಯೊಳಗೆ ಮರಳಿಸಬೇಕು. ತಡವಾದಷ್ಟೂ ಕಾಲನ್ನೇ ಕಳೆದುಕೊಳ್ಳುವ ಸಂಭವ ಹೆಚ್ಚು.

ವೈದ್ಯರು ಪಾದದ ಮೇಲ್ಭಾಗದಲ್ಲಿ, ಆಮೇಲೆ ಒಳಗಣಕಾಲಿನ ಹಿಂದೆ ಬೆರಳಿಟ್ಟು ಎರಡೂ ಕಾಲುಗಳ ನಾಡಿಯನ್ನು ಹೋಲಿಸಿದರು, ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ ನರವನ್ನೂ ಪರೀಕ್ಷಿಸಿದರು. ನೋವಿನ ಇಂಜೆಕ್ಷನ್ ಕೊಟ್ಟು ಕೀಲನ್ನು ಕೂರಿಸಿದ ಮೇಲೆ ನಾಡಿ ಮರಳಿತು. ನಾಡಿ ಸಿಕ್ಕಿತೆಂದು ಅಲ್ಲಿಗೇ ಬಿಡದೆ, ಬಿಪಿ ಪಟ್ಟಿಯನ್ನು ತೋಳಿಗೂ ಕಣಕಾಲಿಗೂ ಕಟ್ಟಿ, ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ಹಿಡಿದು ಎರಡೂ ಕಡೆಯ ಒತ್ತಡ ಅಳೆದದ್ದು ನನಗೆ ತುಂಬ ಮೆಚ್ಚುಗೆಯಾಯಿತು. ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳಕ್ಕೆ ಪೆಟ್ಟಾಗಿರುವ ಶಂಕೆ. ಭಾವನಿಗೆ ಹಾಗೆಯೇ ಬಂತು. ನಾಡಿ ಸಿಕ್ಕ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಸುತ್ತಲೂ ಪ್ಲಾಸ್ಟರ್ ಬಿಗಿಯದೆ ಹಿಂಬದಿಗೆ ಮಾತ್ರ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಕೊಟ್ಟು, ಬೆರಳುಗಳು ಕಾಣುವಂತೆ ಬಿಟ್ಟರು.

ರಕ್ತನಾಳದ ಶಸ್ತ್ರವೈದ್ಯರು ತಮ್ಮಲ್ಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಮಣಿಪಾಲಕ್ಕೆ ಅವರೇ ಫೋನ್ ಮಾಡಿದರು. ಪೆಟ್ಟಾದ ಹೊತ್ತು, ಕೀಲು ಕೂರಿಸಿದ ಹೊತ್ತು, ಅಳತೆ ಎಲ್ಲವೂ ಪತ್ರದಲ್ಲಿದ್ದವು. ಶಿರಸಿಯವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ, ನಾವು ಮಣಿಪಾಲಕ್ಕೆ ಓಡುವ ಈ ಜಿಲ್ಲೆಯಲ್ಲಿ ಮೊದಲ ಆಸ್ಪತ್ರೆ ಬರೆದುಕೊಡುವ ಇಂಥ ಪತ್ರಕ್ಕೆ ಬಹಳ ಬೆಲೆಯಿದೆ. ಮಣಿಪಾಲದಲ್ಲಿ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಂನಲ್ಲಿ ಒಳಪದರದ ಸೀಳು ಕಂಡಿತು. ಹೊರಗಿನಿಂದ ರಾಡ್ ಕೂರಿಸಿ ಕೀಲನ್ನು ಸ್ಥಿರಪಡಿಸಿ, ಚೆನ್ನಾಗಿದ್ದ ಇನ್ನೊಂದು ಕಾಲಿನಿಂದ ಅಭಿಧಮನಿಯ ತುಂಡು ತೆಗೆದು ಪೆಟ್ಟಾದ ಅಪಧಮನಿಗೆ ಜೋಡಿಸಿದರು. ಹರಿವು ಮರಳಿದಾಗ ಸ್ನಾಯುಗಳು ಬಾತು ಒಳಗೊಳಗೇ ಒತ್ತಡ ಏರುವುದರಿಂದ ಮೀನಖಂಡದ ಪೊರೆಯನ್ನೂ ಸೀಳಿಬಿಡಬೇಕಾಯಿತು. ಭಾವ ಈಗ ಕೋಲು ಹಿಡಿದು ನಡೆಯುತ್ತಾರೆ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಬಿಲ್ ಕೌಂಟರಿನ ಕಾರಣಕ್ಕೆ. ಆಂಬುಲೆನ್ಸ್ ಬಾಗಿಲಲ್ಲಿ ನಿಂತಿದ್ದರೂ ಹಣ ಪೂರ್ತಿ ಕಟ್ಟುವ ತನಕ ಎಕ್ಸ್‌ರೇ ಕೊಡಲಿಲ್ಲ. ಬೇರೆ ಊರಿಗೆ ಕಳಿಸುವ ರೋಗಿಗಳ ಮಟ್ಟಿಗಾದರೂ ಎಕ್ಸ್‌ರೇಯನ್ನು ಮೊದಲು ಕೊಟ್ಟು, ಹಿಂದೆ ಉಳಿಯುವ ಮನೆಯವರಿಂದ ಹಣ ಪಡೆಯುವ ವ್ಯವಸ್ಥೆಯನ್ನು ಆಡಳಿತದವರು ಮಾಡಬೇಕು.