ಸ್ವಾಹಿಲಿ ಜೊತೆಗೆ ಯಾವುದು? ಭಾಷಾವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರ ಮೂರನ್ನೂ ಓದಿ ನೋಡಿದೆ

ತಾಂಜಾನಿಯಾದ ದಾರ್ ಎಸ್ ಸಲಾಮ್‌ನ ಕನ್ನಡ ಮನೆಗಳಲ್ಲಿ ಈಗೀಗ ನನ್ನನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. "ನಮ್ಮ ಹುಡುಗಿ ಡಿಗ್ರಿಗೆ ಸ್ವಾಹಿಲಿ ತಗೋತೀನಿ ಅಂತಾಳಮ್ಮ. ಜೊತೆಗೆ ಇನ್ನೊಂದು ವಿಷಯ ಯಾವುದು ತಗೊಂಡ್ರೆ ಒಳ್ಳೇದು?" ನಾನು ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸು ಮುಗಿಸಿ, ಅಪ್ಪನ ಕೆಲಸದ ಕಾರಣಕ್ಕೆ ಇಲ್ಲಿಗೆ ಬಂದವಳು. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿ ಸ್ವಾಹಿಲಿ ಓದಿದೆ. ಎರಡನೇ ವಿಷಯ ಯಾವುದೆಂದು ಗೊತ್ತಾಗದೆ ಮೊದಲ ವರ್ಷ ಮೂರರ ಕ್ಲಾಸುಗಳಲ್ಲೂ ಕೂತೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮೊದಲೇ ತಿಳಿದಿರಬೇಕಾದ ಒಂದು ಸಂಗತಿ ಇದೆ. ಇಲ್ಲಿ ಸ್ವಾಹಿಲಿಯನ್ನು ಸ್ವಾಹಿಲಿಯಲ್ಲೇ ಪಾಠ ಮಾಡುತ್ತಾರೆ. ಉಳಿದ ವಿಷಯಗಳು ಇಂಗ್ಲಿಷಿನಲ್ಲಿ. ಸಾಹಿತ್ಯಕ್ಕೆ ಫಸಿಹಿ, ಭಾಷಾವಿಜ್ಞಾನಕ್ಕೆ ಇಸಿಮು ಅನ್ನುವ ತರಗತಿಯಿಂದ ಎದ್ದು ಹತ್ತು ನಿಮಿಷದಲ್ಲಿ ಇಂಗ್ಲಿಷ್ ನೋಟ್ಸು ಬರೆಯಲು ಕೂರಬೇಕು. ಬೀದಿಯಲ್ಲಿ, ದಾಲದಾಲಾ ವ್ಯಾನಿನಲ್ಲಿ ಕಲಿತ ಸ್ವಾಹಿಲಿ ಸಾಲುವುದಿಲ್ಲ. "ನನ್ನ ಎರಡು ಒಳ್ಳೆಯ ಪುಸ್ತಕ ಕಳೆದುಹೋಗಿವೆ" ಎನ್ನಲು "ವಿತಾಬು ವ್ಯಾಂಗು ವಿಜುರಿ ವಿವಿಲಿ ವಿಮೆಪೋತೆಯ" ಅನ್ನಬೇಕು. ಪುಸ್ತಕಕ್ಕೆ ಹತ್ತಿದ 'ವಿ' ನನ್ನ, ಒಳ್ಳೆಯ, ಎರಡು, ಕಳೆದವು ಎಲ್ಲಕ್ಕೂ ಹತ್ತುತ್ತದೆ. ಒಂದು ಕಡೆ ತಪ್ಪಿದರೂ ಮಾರ್ಕ್ಸ್ ಹೋಯಿತು. ಇದು ಕೈಗೂಡಲು ನನಗೆ ಪೂರ್ತಿ ಒಂದು ಸೆಮಿಸ್ಟರ್ ಬೇಕಾಯಿತು.

ಭಾಷಾವಿಜ್ಞಾನದಿಂದ ಶುರು ಮಾಡುತ್ತೇನೆ. ಕನ್ನಡದವರಿಗೆ ಇದು ಸಲೀಸು, ಮನಸ್ಸಿಗೂ ಖುಷಿ. ಸ್ವಾಹಿಲಿಯಲ್ಲಿ 'ಸೋಮ' ಅಂದರೆ ಓದು. ಪುಸ್ತಕ ಓದುವುದಕ್ಕೂ ಅದೇ, "ಎಲ್ಲಿ ಓದ್ತಿದ್ದೀಯ" ಅನ್ನುವುದಕ್ಕೂ ಅದೇ. ಥೇಟ್ ನಮ್ಮ 'ಓದು' ಅಲ್ವಾ! 'ಸೋಮೇಶ' ಅಂದರೆ ಓದಿಸು. ನಮ್ಮಲ್ಲಿ 'ಇಸು' ಮಾಡುವ ಕೆಲಸವನ್ನು ಅಲ್ಲಿ 'ಇಶ', 'ಏಶ' ಮಾಡುತ್ತವೆ. ಪದಗಳು ಸ್ವರದಲ್ಲೇ ಮುಗಿಯಬೇಕು ಅನ್ನುವ ಹಟವೂ ನಮ್ಮದೇ. ನಾವು ಬಸ್ಸು, ಬ್ಯಾಂಕು ಅಂದರೆ ಅವರು ಬಾಸಿ, ಬೆಂಕಿ ಅನ್ನುತ್ತಾರೆ. ಅರಬ್ಬಿಯಿಂದ ಬಂದ 'ಕಿತಾಬ್' ಇಲ್ಲಿ 'ಕಿತಾಬು' ಆಯಿತು. ಅದರ ಮೊದಲ 'ಕಿ'ಯನ್ನು ತಮ್ಮದೇ ಏಕವಚನದ ಗುರುತು ಎಂದುಕೊಂಡು ಬಹುವಚನಕ್ಕೆ 'ವಿತಾಬು' ಮಾಡಿಕೊಂಡರು. ಇದನ್ನು ಮೊದಲ ಸಲ ಕೇಳಿದ ದಿನ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ವಿವರಿಸಿದ್ದೆ.

ಹಳೆಯ ಕಾವ್ಯಕ್ಕೂ ಇದರ ಸಹಾಯ ದೊಡ್ಡದು. ಇವತ್ತಿನ ಶಿಷ್ಟ ಸ್ವಾಹಿಲಿಗೆ ಆಧಾರ ಜಾಂಜಿಬಾರಿನ ಮಾತು. 1928ರಲ್ಲಿ ಮೊಂಬಾಸಾದ ಸಭೆಯಲ್ಲಿ ಹಾಗೆ ತೀರ್ಮಾನವಾಯಿತು. ಆದರೆ ಹಳೆಯ ದೊಡ್ಡ ಕಾವ್ಯಗಳು ಬಂದಿದ್ದು ಉತ್ತರದ ಲಾಮು, ಪಾಟೆ ದ್ವೀಪಗಳ ಕಡೆಯಿಂದ. ಶಿಷ್ಟ ಭಾಷೆಯಲ್ಲಿ ಕಣ್ಣುಗಳಿಗೆ 'ಮಾಚೊ', ಆ ಕಾವ್ಯಗಳಲ್ಲಿ 'ಮಾತೊ'. ನಾಡಿಗೆ ಇಲ್ಲಿ 'ನ್ಚಿ', ಅಲ್ಲಿ 'ನ್ತಿ'. ಹಳಗನ್ನಡದ ಪಾಲು ಹಾಲಾದ ಹಾಗೆ, ಚ-ತ ಲೆಕ್ಕ ಒಮ್ಮೆ ಹಿಡಿತಕ್ಕೆ ಬಂದರೆ ಅರ್ಧ ಪದಗಳು ತಾವೇ ಬಿಡಿಸಿಕೊಳ್ಳುತ್ತವೆ.

ಮತ್ತೆ ಯಾಕೆ ಬಿಟ್ಟೆ? ಸ್ವಾಹಿಲಿ ವಿಭಾಗದಲ್ಲೇ ಇಸಿಮು ಇದೆ. ಧ್ವನಿ, ಪದರಚನೆ, ವಾಕ್ಯ ಎಲ್ಲವನ್ನೂ ಅಲ್ಲಿ ಹೇಳಿಕೊಡುತ್ತಾರೆ. ಅದನ್ನೇ ಮಧ್ಯಾಹ್ನ ಇಂಗ್ಲಿಷಿನಲ್ಲಿ ಇನ್ನೊಂದು ಸಲ ಕೇಳುತ್ತಿದ್ದೆ. ಮಾರ್ಕ್ಸ್ ಜಾಸ್ತಿ ಬಂತು, ಹೊಸದಾಗಿ ತಿಳಿದದ್ದು ಕಮ್ಮಿ. ನಿಘಂಟು, ಅನುವಾದದ ಕೆಲಸವೇ ಬೇಕು ಅನ್ನುವವರಿಗೆ ಮಾತ್ರ ಇದನ್ನೇ ತಗೊಳ್ಳಿ ಅನ್ನುತ್ತೇನೆ. ಆ ಪುನರಾವರ್ತನೆ ಅವರ ಕೈಗೆ ಪಳಗಿದ ಹತಾರ ಕೊಡುತ್ತದೆ.

ಅರ್ಥಶಾಸ್ತ್ರ ಅಪ್ಪನ ಆಸೆ. ಒಂದು ಸೆಮಿಸ್ಟರ್ ಕೂತೆ. ಪಾಠ ಚೆನ್ನಾಗಿತ್ತು, ಕೆಲಸದ ದಾರಿಯೂ ಅಗಲ. ಆದರೆ ಲೆಕ್ಕಕ್ಕೆ ದಿನಾ ಎರಡು ಗಂಟೆ ಹೋದರೆ ಕಾದಂಬರಿ ಓದುವುದು ಯಾವಾಗ? ಎರಡು ವಿಷಯಗಳು ಎಲ್ಲೂ ಒಂದನ್ನೊಂದು ಮುಟ್ಟಲಿಲ್ಲ. ಮುಟ್ಟಿದ್ದು ಅಂದರೆ ಪದಗಳು: ಅಂಗಡಿಗೆ 'ದುಕಾ', ವಿಮೆಗೆ 'ಬಿಮಾ', ಲಕ್ಷಕ್ಕೆ 'ಲಾಕಿ'. ಅವು ಹಿಂದೂ ಮಹಾಸಾಗರದ ವ್ಯಾಪಾರ ಇಲ್ಲಿ ಬಿಟ್ಟುಹೋದ ಪದಗಳು, ಅವುಗಳ ಕಥೆ ಇತಿಹಾಸದ ಕ್ಲಾಸಿನಲ್ಲೇ ಸಿಕ್ಕಿತು.

ಕೊನೆಗೆ ನಾನು ಹಿಡಿದಿದ್ದು ಇತಿಹಾಸ. ಕಾರಣ ಒಂದು ನಾಟಕ. ಎಬ್ರಾಹಿಂ ಹುಸೇನ್ ಬರೆದ, 1969ರಲ್ಲಿ ಬಂದ 'ಕಿಂಜೆಕೆತಿಲೆ'. ಆಗ ಇಲ್ಲಿ ಆಳುತ್ತಿದ್ದ ಜರ್ಮನ್ನರು ಬಲವಂತವಾಗಿ ಹತ್ತಿ ಬೆಳೆಸುತ್ತಿದ್ದ ಕಾಲದಲ್ಲಿ, 1905ರಿಂದ 1907ರವರೆಗೆ ದಕ್ಷಿಣದ ಜನ ಎದ್ದು ನಿಂತ ಮಾಜಿಮಾಜಿ ಯುದ್ಧ ಅದರ ವಸ್ತು. 'ಮಾಜಿ' ಅಂದರೆ ನೀರು. ಕಿಂಜೆಕೆತಿಲೆ ಎಂಬ ಮುಂದಾಳು ಕೊಟ್ಟ ನೀರು ಕುಡಿದರೆ ಗುಂಡು ತಾಗುವುದಿಲ್ಲ ಅನ್ನುವ ನಂಬಿಕೆ ಬೇರೆ ಬೇರೆ ಬುಡಕಟ್ಟಿನವರನ್ನು ಒಂದು ಮಾಡಿತು. ನಾಟಕದಲ್ಲಿ ಅವನು ಸೋಲನ್ನು ಕಣ್ಣಾರೆ ಕಾಣುತ್ತಾನೆ, ಸೆರೆ ಸಿಕ್ಕ ಮೇಲೂ ನೀರು ಸುಳ್ಳು ಎಂದು ಹೇಳಲು ಒಪ್ಪುವುದಿಲ್ಲ. ಬೆಳಗ್ಗೆ ಇದನ್ನು ಓದಿದೆವು. ಅದೇ ವಾರ ಇತಿಹಾಸದ ಕ್ಲಾಸಿನಲ್ಲಿ ತಿಳಿಯಿತು, ನಿಜವಾದ ಕಿಂಜೆಕೆತಿಲೆಯನ್ನು ಜರ್ಮನ್ನರು 1905ರ ಆಗಸ್ಟ್‌ನಲ್ಲೇ, ಯುದ್ಧದ ಆರಂಭದಲ್ಲೇ ಗಲ್ಲಿಗೆ ಹಾಕಿದ್ದರು!

ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ಸತ್ತವನನ್ನು ನಾಟಕಕಾರ ಯಾಕೆ ಕೊನೆಯವರೆಗೆ ಉಳಿಸಿಕೊಂಡ? ತಾನು ಹಚ್ಚಿದ ಬೆಂಕಿಗೆ ಉತ್ತರ ಕೊಡಲು ಅವನು ಬದುಕಿರಬೇಕಿತ್ತು. ಈ ಪ್ರಶ್ನೆ ಬರೀ ಸಾಹಿತ್ಯ ಓದಿದ್ದರೆ ನನಗೆ ಹುಟ್ಟುತ್ತಿರಲಿಲ್ಲ.

ಭಾಷಾವಿಜ್ಞಾನ ನನ್ನ ಸ್ವಾಹಿಲಿಗೆ ಸಹಾಯ ಮಾಡಿತು. ಇತಿಹಾಸಕ್ಕೆ ನನ್ನ ಸ್ವಾಹಿಲಿಯೇ ಬೇಕಾಯಿತು. ನನ್ನ ಆಯ್ಕೆ ತೀರ್ಮಾನವಾಗಿದ್ದು ಇದರ ಮೇಲೆ. 1960ರ ದಶಕದ ಕೊನೆಯಲ್ಲಿ ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದಕ್ಷಿಣದ ಹಳ್ಳಿಗಳಿಗೆ ಹೋಗಿ, ಮಾಜಿಮಾಜಿ ಕಂಡ ಮುದುಕರ ಬಾಯಿಂದ ನೆನಪುಗಳನ್ನು ಬರೆದುಕೊಂಡರು. ಜರ್ಮನ್ ಕಡತದಲ್ಲಿಲ್ಲದ ಇತಿಹಾಸ ಅಲ್ಲಿತ್ತು.

ಕಷ್ಟ ಇಲ್ಲವೆಂದಲ್ಲ. ಓದಬೇಕಾದ್ದು ರಾಶಿ, ಪ್ರಬಂಧಗಳು ಒಂದರ ಹಿಂದೆ ಒಂದು, ಪರೀಕ್ಷೆ ವಾರದಲ್ಲಿ ಎರಡು ಭಾಷೆ ತಲೆಯಲ್ಲಿ ಕಲಸಿಹೋಗುತ್ತವೆ. ಮಾರ್ಕ್ಸ್ ಕೂಡ ಭಾಷಾವಿಜ್ಞಾನದಷ್ಟು ಬರಲಿಲ್ಲ.

ಎರಡನೇ ವರ್ಷದ ರಜೆಯಲ್ಲಿ ಗೆಳತಿಯ ಜೊತೆ ದಕ್ಷಿಣದ ಕಿಲ್ವಾ ಕಡೆ ಹೋಗಿದ್ದೆ. ಅವಳ ಅಜ್ಜಿ ಮುರದಲ್ಲಿ ಅಕ್ಕಿ ಕೇರುತ್ತ, ತಮ್ಮ ಅಜ್ಜಿಯಿಂದ ಕೇಳಿದ ಮಾಜಿಮಾಜಿ ಕಾಲದ ಮಾತು ಹೇಳಿದರು. ಬಂದೂಕಿನ ಸುದ್ದಿ ಒಂದೆರಡು ಮಾತು, ಅಷ್ಟೆ. ಉಳಿದಿದ್ದೆಲ್ಲ 'ನ್ಜಾ'. ಜರ್ಮನ್ನರು ಬೆಳೆ ಸುಟ್ಟ ಮೇಲೆ ಕಾಡಿನ ಗೆಡ್ಡೆ ಅಗೆದು ಮಕ್ಕಳಿಗೆ ಬೇಯಿಸಿದ್ದು. ಸ್ವಾಹಿಲಿಯಲ್ಲಿ ಹಸಿವೂ 'ನ್ಜಾ', ಬರವೂ 'ನ್ಜಾ'. ನನ್ನ ಇಂಗ್ಲಿಷ್ ಪ್ರಬಂಧದಲ್ಲಿ ಬರ ಎಂದು ಬರೆದಿದ್ದೆ. ವಾಪಸ್ ಬಂದ ದಿನವೇ ಆ ಪದ ಹೊಡೆದುಹಾಕಿ, 'ನ್ಜಾ' ಎಂದೇ ಬರೆದು, ಕೆಳಗೆ ಅಜ್ಜಿ ಹೇಳಿದ ಅರ್ಥ ಸೇರಿಸಿದೆ.