ಅತ್ತೆಗೆ ದಿನಾ ಓದಿ ಹೇಳುವ ಧ್ಯಾನದ ಕಿರುಪುಸ್ತಕ

ಜನವರಿಯ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿಟ್ಟಿದ್ದ ಪುಸ್ತಕದ ಮೇಜಿನಿಂದ ಈ ಅನುದಿನ ಧ್ಯಾನ ತಂದೆ, ಅರವತ್ತು ರೂಪಾಯಿಗೆ. ದಿನಕ್ಕೊಂದು ಪುಟ: ಮೇಲೆ ಬೈಬಲ್ ವಚನ, ಕೆಳಗೆ ಹತ್ತು ಹನ್ನೆರಡು ಸಾಲು, ಕೊನೆಗೆ ಪುಟ್ಟ ಪ್ರಾರ್ಥನೆ. ಅತ್ತೆಗೆ ಕಣ್ಣಿನ ಪೊರೆ ಬಂದಿದೆ, ಹಾಗಾಗಿ ಬೆಳಿಗ್ಗೆ ಗಂಜಿ ಬೇಯುವಷ್ಟರಲ್ಲಿ ನಾನೇ ಓದಿ ಹೇಳುತ್ತೇನೆ.

ಮನಸ್ಸಿಗೆ ನಾಟಿದ್ದು, ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ, ಬೈಬಲಿನ ಬಡ ವಿಧವೆಯ ಪುಟ. ಬೆಳೆ ಹಬ್ಬಕ್ಕೆ ಜನ ಕಾಣಿಕೆಯಾಗಿ ತಂದ ಬೆಳೆಯ ಏಲಂನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ಕೂಗುವವರನ್ನು ಎಲ್ಲರೂ ತಿರುಗಿ ನೋಡುತ್ತೇವೆ. ಹಿತ್ತಲಿನ ಒಂದು ಹಿಡಿ ಬಸಳೆ ತಂದು ಸದ್ದಿಲ್ಲದೆ ಇಟ್ಟುಹೋದವರನ್ನು ಯೇಸು ನೋಡುತ್ತಾನೆ ಅಂತ ಬರೆದಿದ್ದರು. ಅತ್ತೆ "ಇನ್ನೊಮ್ಮೆ ಓದು ಮಗಾ" ಅಂದರು. ಗಂಡ ತೀರಿಕೊಂಡ ವರ್ಷ ಅವರು ಕೊಟ್ಟದ್ದೂ ಬಸಳೆಯೇ. ನನಗದು ಅಂದೇ ಗೊತ್ತಾದದ್ದು.

ಆದರೆ ಅದೇ ಪುಟದಲ್ಲಿ ವಚನ ಮತ್ತಾಯನ ಸುವಾರ್ತೆಯದ್ದು ಎಂದು ಅಚ್ಚಾಗಿದೆ. ಈ ಘಟನೆ ಇರುವುದು ಮಾರ್ಕ 12:41–44 ಮತ್ತು ಲೂಕ 21:1–4ರಲ್ಲಿ; ಮತ್ತಾಯನಲ್ಲಿ ಇಲ್ಲವೇ ಇಲ್ಲ. ಭಾನುವಾರ ಶಾಲೆಯ ಮಕ್ಕಳು ಹುಡುಕಿ ಸುಸ್ತಾದರು. ದೇವರ ವಾಕ್ಯ ಅಚ್ಚು ಹಾಕುವವರು ಕರಡು ಎರಡು ಸಲ ನೋಡಬೇಕು. ಅಕ್ಷರವೂ ತೀರಾ ಸಣ್ಣದು. ಓದುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಹೊಲಿಗೆ ಮಾತ್ರ ಗಟ್ಟಿ, ಮಳೆಗಾಲದಲ್ಲೂ ಹಾಳೆ ಬಿಡಲಿಲ್ಲ.

ದೊಡ್ಡಕ್ಷರದ ಪ್ರತಿ ಬಂದರೆ ನೂರೈವತ್ತಾದರೂ ಕೊಡುತ್ತೇನೆ. ಬಾರದಿದ್ದರೂ ಬರುವ ವರ್ಷಕ್ಕೆ ಎರಡು ಪ್ರತಿ ಹೇಳಿಟ್ಟಿದ್ದೇನೆ, ಒಂದು ಮೂಡುಬಿದಿರೆಯ ನಾದಿನಿಗೆ.